ಬಾಡಿಗೆ ಮನೆಗೆ ಒಳ್ಳೆಯ ಮಂದಿ ಬರಬೇಕಾದರೆ: ನವನಗರದ ಒಂದು ಮನೆಯಿಂದ ಕಲಿತದ್ದು

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಮನೆ ಇದೆ. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಸಿಕ್ಕ ಸೈಟಿನಲ್ಲಿ ಅಪ್ಪ ಕಟ್ಟಿಸಿದ್ದು. ಕೆಳಗೆ ನಾವು ಇರುತ್ತೇವೆ, ಮೇಲಿನದನ್ನು ಬಾಡಿಗೆಗೆ ಕೊಡುತ್ತೇವೆ. ಒಂದು ಕಾಲಕ್ಕೆ ಆ ಮೇಲಿನ ಮನೆ ನಮ್ಮ ತಲೆನೋವಾಗಿತ್ತು. ಮೂರು ವರ್ಷದಲ್ಲಿ ಐದು ಬಾಡಿಗೆದಾರರು ಬದಲಾದರು. ಒಬ್ಬರು ಎರಡು ತಿಂಗಳ ಬಾಡಿಗೆ ಉಳಿಸಿಕೊಂಡು ರಾತ್ರೋರಾತ್ರಿ ಖಾಲಿ ಮಾಡಿದರು. ಇನ್ನೊಬ್ಬರು ಅಡುಗೆಮನೆಯ ಗೋಡೆಯನ್ನು ಕಪ್ಪು ಮಾಡಿಟ್ಟು ಹೋದರು. ನಡುವೆ ನಾಲ್ಕು ತಿಂಗಳು ಮನೆ ಸುಮ್ನೆ ಬೀಗ ಹಾಕಿಕೊಂಡು ನಿಂತಿತ್ತು. "ನಮ್ಮ ನಸೀಬಿಗೆ ಚಲೋ ಮಂದಿ ಬರೂದಿಲ್ಲ" ಎಂದು ಅವ್ವ ಬೇಸರ ಮಾಡಿಕೊಳ್ಳುತ್ತಿದ್ದಳು.

ಒಂದು ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಮನೆ ನೋಡಲು ಬಂದರು. ಗಂಡ ಬ್ಯಾಂಕಿನಲ್ಲಿ, ಸಣ್ಣ ಮಗು ಒಂದು. ನಮಗೆ ಬೇಕಾಗಿದ್ದುದು ಇಂಥ ಕುಟುಂಬವೇ. ಅವರು ಮಲಗುವ ಕೋಣೆಯಲ್ಲಿ ಎರಡು ನಿಮಿಷ ನಿಂತರು. "ಮನಿ ಚಲೋ ಐತ್ರಿ. ಆದ್ರ ಮಧ್ಯಾಹ್ನ ಇಲ್ಲಿ ಕೂಸಿನ್ನ ಮಲಗಿಸೋದು ಹ್ಯಾಂಗ್ರಿ?" ಎಂದು ಕೇಳಿ ಹೊರಟುಹೋದರು.

ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಒಳ್ಳೆಯ ಬಾಡಿಗೆದಾರರ ಕೈಯಲ್ಲಿ ಮುಂಗಡದ ದುಡ್ಡು ಇರುತ್ತದೆ. ಹಿಂದಿನ ಮನೆಯವರು ಅವರ ಬಗ್ಗೆ ಒಳ್ಳೆಯದು ಹೇಳುತ್ತಾರೆ. ಹಾಗಾಗಿ ಅವರು ನಾಲ್ಕು ಮನೆ ನೋಡಿ ಒಂದನ್ನು ಆರಿಸುತ್ತಾರೆ. ಸೋರುವ, ಬಿಸಿಲಿಗೆ ಕಾಯುವ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹೋದಲ್ಲೆಲ್ಲ ಬಾಕಿ ಇಟ್ಟು ಬಂದವರಿಗೆ, ಎಲ್ಲಿಯೂ ಒಳ್ಳೆಯ ಮಾತು ಉಳಿಸಿಕೊಳ್ಳದವರಿಗೆ ಆ ಆಯ್ಕೆ ಇರುವುದಿಲ್ಲ. ಅವರು ಏನನ್ನೂ ಕೇಳದೆ ಒಪ್ಪಿಕೊಳ್ಳುತ್ತಾರೆ. ಹಾಗೆ ನಮ್ಮ ಮನೆಯೇ ಒಳ್ಳೆಯವರನ್ನು ಜರಡಿ ಹಿಡಿದು ಹೊರಗೆ ಹಾಕುತ್ತಿತ್ತು. ಕೆಲಸ ಶುರುವಾಗಬೇಕಾದದ್ದು ಮನೆಯಿಂದ.

ಬಿಟ್ಟುಹೋದವರನ್ನು ಕೇಳಿ, ಒಂದು ರಾತ್ರಿ ನೀವೇ ಮಲಗಿ

ಮನೆ ನೋಡಿ ಬೇಡ ಎಂದವರಿಗೆ, ಮುಂಚೆ ಇದ್ದು ಹೋದವರಿಗೆ ಫೋನ್ ಮಾಡಿ. "ಏನು ಸರಿ ಇರಲಿಲ್ಲ, ಸಂಕೋಚ ಬಿಟ್ಟು ಹೇಳಿ" ಎಂದು ಕೇಳಿ. ಜಗಳವಾಡಿ ಹೋದವರನ್ನೂ ಬಿಡಬೇಡಿ. ನಾನು ಆರು ಮಂದಿಗೆ ಮಾಡಿದೆ. ನಾಲ್ವರು ಒಂದೇ ಮಾತು ಹೇಳಿದರು: ಸೆಕೆ, ನೀರು.

ಆಮೇಲೆ ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು ಒಂದು ಮಧ್ಯಾಹ್ನ ಮತ್ತು ಒಂದು ರಾತ್ರಿ ಕಳೆಯಿರಿ. ಅಲ್ಲೇ ಸ್ನಾನ ಮಾಡಿ. ಗ್ಯಾಸ್ ಒಯ್ದು ಚಹಾ ಮಾಡಿಕೊಳ್ಳಿ. ಬಚ್ಚಲ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಮೊಬೈಲ್ ಚಾರ್ಜ್‌ಗೆ ಹಾಸಿಗೆ ಹತ್ತಿರ ಪಾಯಿಂಟ್ ಇದೆಯಾ, ಯಾವ ಕಿಟಕಿಯ ಚಿಲಕ ಕೂರುವುದಿಲ್ಲ, ಬೀದಿದೀಪ ನೇರ ಕಣ್ಣಿಗೆ ಬೀಳುತ್ತದಾ, ಇದೆಲ್ಲ ಆಗ ಗೊತ್ತಾಗುತ್ತದೆ. ಮಾಲೀಕರಾಗಿ ಹತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದೆ. ಬಚ್ಚಲ ಬಾಗಿಲು ಪೂರ್ತಿ ತೆರೆಯುವುದಿಲ್ಲ ಎಂದು ನನಗೆ ಆ ರಾತ್ರಿಯೇ ತಿಳಿದದ್ದು.

ಬಿಸಿಲು, ನೀರು, ಸೊಳ್ಳೆ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಕೆಳಗಿನ ಮನೆ ಎಂದರೆ ಕಾದ ಹಂಚಿನ ಕೆಳಗೆ ಕೂತ ಹಾಗೆ. ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತರ ತನಕ ಅದನ್ನೇ ಕೆಳಗೆ ಬಿಡುತ್ತದೆ. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ.

ಇದಕ್ಕೆ ಮೊದಲ ಮದ್ದು ಬಿಳಿ ಬಣ್ಣ. ಮಾಳಿಗೆಯನ್ನು ಚೆನ್ನಾಗಿ ತೊಳೆದು, ಬಿರುಕು ಮುಚ್ಚಿ, ಬಿಸಿಲು ತಿರುಗಿಸುವ ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ. ನನಗೆ ಕೂಲಿ ಸೇರಿ ಸುಮಾರು 9,000 ರೂಪಾಯಿ ಖರ್ಚಾಯಿತು. ಅಷ್ಟು ಆಗದಿದ್ದರೆ ಸುಣ್ಣಕ್ಕೆ ಅಂಟು ಸೇರಿಸಿ ಹೊಡೆಯಬಹುದು. ಅದು ಅಗ್ಗ, ಆದರೆ ಮಳೆಗಾಲ ಕಳೆದ ಮೇಲೆ ಮತ್ತೆ ಹೊಡೆಯಬೇಕು. ಪಶ್ಚಿಮದ ಕಿಟಕಿಗೆ ಸಜ್ಜಾ ಸಣ್ಣದಿದ್ದರೆ ಹೊರಗಡೆ ಬಿದಿರಿನ ಚಿಕ್ ಅಥವಾ ಹಸಿರು ನೆಟ್ ಕಟ್ಟಿಸಿ. ಒಳಗಿನ ಪರದೆಗಿಂತ ಹೊರಗಿನ ನೆರಳು ಜಾಸ್ತಿ ಕೆಲಸ ಮಾಡುತ್ತದೆ. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಪರದೆ ಎಷ್ಟು ತಡೆದೀತು? ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿಗೂ ನೆರಳು ಬೇಕು. ಮಧ್ಯಾಹ್ನ ನಳ ತಿರುಗಿಸಿದರೆ ಕೈ ಸುಡುವ ನೀರು ಬರುವ ಮನೆ ಯಾರಿಗೆ ಬೇಕು?

ಇನ್ನು ನೀರು. ನಳದ ನೀರು ದಿನವೂ ಬರುವುದಿಲ್ಲ ಎನ್ನುವ ಓಣಿಯಲ್ಲಿ ಬಾಡಿಗೆದಾರರು ಮೊದಲು ಕೇಳುವುದೇ ಸಂಪು ಎಷ್ಟು ದೊಡ್ಡದು ಎಂದು. ಸಂಪು ನಿಮ್ಮದು ಮತ್ತು ಅವರದು ಒಂದೇ ಆಗಿದ್ದರೆ ಮೇಲಿನ ಟ್ಯಾಂಕು ಬೇರೆ ಬೇರೆ ಮಾಡಿ. ಮೋಟಾರ್ ಸ್ವಿಚ್ ಅವರ ಕೈಗೂ ಸಿಗಲಿ. ಮೋಟಾರ್ ಹಾಕಿ ಎಂದು ಮನೆ ಮಾಲೀಕರ ಬಾಗಿಲು ತಟ್ಟಬೇಕಾದ ಮನೆಯಲ್ಲಿ ಯಾರೂ ಎರಡನೇ ವರ್ಷ ಇರುವುದಿಲ್ಲ. ಬೋರ್ ನೀರು ಗಡಸು. ನಳದ ಬಾಯಿಗೆ, ಶವರಿಗೆ, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದೆ. ಹೊಸಬರು ಬರುವ ಮುಂಚೆ ಆ ನಳಗಳನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ತೊಳೆದರೆ ಅರ್ಧ ಹೊಸದರಂತೆ ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ನೆಲದ ಕಲೆ ಹೋಗಲಿ ಎಂದು ಆಸಿಡ್ ಸುರಿಯುವ ರೂಢಿ ನಮ್ಮಲ್ಲಿದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಕಡಪ ಕಲ್ಲೂ ಅದೇ ಜಾತಿ. ಆಸಿಡ್ ಅದರ ಮೈಯನ್ನೇ ತಿನ್ನುತ್ತದೆ. ಹೊಳಪು ಹೋದ ಕಲ್ಲಿನಲ್ಲಿ ಮುಂದೆ ಕಲೆ ಇನ್ನೂ ಬೇಗ ಕೂರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ತಡೆದುಕೊಂಡೀತು, ಪಕ್ಕದ ಸಿಮೆಂಟ್ ಸಂದು ತಡೆಯುವುದಿಲ್ಲ. ಸೋಪಿನ ನೀರು, ಗಟ್ಟಿ ಬ್ರಷ್, ತಾಳ್ಮೆ ಸಾಕು.

ನೀರು ಹಿಡಿದಿಡುವ ಊರಿನಲ್ಲಿ ಸೊಳ್ಳೆ ಇರುವುದೇ. ಡೆಂಗಿ ತರುವ ಸೊಳ್ಳೆ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ಹೆಚ್ಚುವರಿ ನೀರಿನ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಎಲ್ಲಾ ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹಾಕಿಸಿ. ಮಗು ಇರುವ ಕುಟುಂಬ ಮನೆ ನೋಡಲು ಬಂದಾಗ ಮೊದಲು ಕಣ್ಣು ಹಾಯಿಸುವುದು ಕಿಟಕಿಯ ಕಡೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಗೋಡೆ ಬಿರುಕು ಬಿಟ್ಟಿದ್ದರೆ ಪುಟ್ಟಿ ಬಳಿದು ಮುಚ್ಚಬೇಡಿ. ನಮ್ಮ ಕಡೆ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮೇಲಿನ ಗೋಡೆ ಅದರ ಜೊತೆ ಓಲಾಡುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಗೆರೆ ದಾಟಿದರೆ ಎಂಜಿನಿಯರ್‌ಗೆ ತೋರಿಸಿ. ದಾಟದಿದ್ದರೆ ಮುಚ್ಚಿ ಬಣ್ಣ ಹೊಡೆಸಿ. ಗೋಡೆಗೆ ಬಿಳಿ ಉಪ್ಪು ಹತ್ತಿದ್ದರೂ ಹಾಗೆಯೇ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬಚ್ಚಲಿನ ಪೈಪೋ, ಮಾಳಿಗೆಯೋ, ಮನೆ ಬುಡದಲ್ಲಿ ನಿಲ್ಲುವ ಮಳೆ ನೀರೋ ಇರುತ್ತದೆ. ಅದನ್ನು ನಿಲ್ಲಿಸದೆ ಬಳಿದ ಬಣ್ಣ ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ.

ಕರೆಂಟಿನಲ್ಲಿ ಎರಡು ಕೆಲಸ ತಪ್ಪಿಸಬೇಡಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿ ಶಾಕ್ ಹೊಡೆದರೆ ಅದು ಕ್ಷಣದಲ್ಲಿ ಕರೆಂಟ್ ಕಡಿಯುತ್ತದೆ. ಇದು ಬಾಡಿಗೆದಾರರ ಜೀವದ ಪ್ರಶ್ನೆ. ಇದರಲ್ಲಿ ದುಡ್ಡು ಉಳಿಸಬಾರದು.

ಮಾರ್ಬಲ್, ಫಾಲ್ಸ್ ಸೀಲಿಂಗ್, ಬಣ್ಣದ ಲೈಟು ಇವೆಲ್ಲ ಬೇಕಿಲ್ಲ. ಅಡುಗೆಮನೆಗೆ ಗಾಳಿ ಎಳೆಯುವ ಫ್ಯಾನು, ಬಟ್ಟೆ ಒಣಗಿಸಲು ತಂತಿ, ಬೈಕಿಗೆ ನೆರಳು ಸಾಕು.

ಈ ಮನೆ ಯಾರಿಗೆ ಸರಿಹೊಂದುತ್ತದೆ?

"ಫ್ಯಾಮಿಲಿಗೆ ಮಾತ್ರ" ಎಂದು ಬೋರ್ಡಿಗೆ ಬರೆದು ಕೂರುವ ಮುಂಚೆ ನಿಮ್ಮ ಓಣಿಯ ಸುತ್ತ ಯಾರು ಕೆಲಸಕ್ಕೆ ಬರುತ್ತಾರೆ ಎಂದು ನೋಡಿ. ಬಾಗಲಕೋಟೆ 1997ರಲ್ಲಿ ಜಿಲ್ಲೆಯಾಯಿತು. ಜಿಲ್ಲಾ ಮಟ್ಟದ ಕಚೇರಿಗಳು ನವನಗರಕ್ಕೆ ಬಂದವು. ಹೀಗಾಗಿ ವರ್ಗಾವಣೆ ಮೇಲೆ ಬರುವ ಸರಕಾರಿ ನೌಕರರಿಗೆ ಇಲ್ಲಿ ಸದಾ ಮನೆ ಬೇಕು. 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ಅದರ ಆಸ್ಪತ್ರೆ ಇದೆ. ವಿದ್ಯಾಗಿರಿಯಲ್ಲಿ 1963ರಿಂದ ನಡೆಯುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ.

ಇವರೆಲ್ಲರ ಅಗತ್ಯ ಒಂದೇ ಅಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗೆ ಬೆಳಗ್ಗೆ ನಿದ್ದೆ ಬೇಕು, ಬೀದಿಯಲ್ಲಿ ದೀಪ ಬೇಕು, ಗೇಟಿನ ಬೀಗದ ಒಂದು ಕೈ ಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವ ಗುಮಾಸ್ತರಿಗೆ ಕಮೋಡ್ ಬೇಕು, ಮೆಟ್ಟಿಲಿಗೆ ಹಿಡಿಕೆ ಬೇಕು. ಪಿಜಿ ಓದುವ ಡಾಕ್ಟರಿಗೆ ಮಂಚ, ಟೇಬಲ್, ವೈಫೈ ಇದ್ದರೆ ಸಾಕು, ಬಾಡಿಗೆ ಬಗ್ಗೆ ಚೌಕಾಶಿ ಕಡಿಮೆ. ಒಂದು ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಕೊನೆಯ ಐದಾರು ಸಾವಿರವನ್ನು ಅವರಿಗೆ ಬೇಕಾದ್ದಕ್ಕೆ ಖರ್ಚು ಮಾಡಿ. ನಾನು ಆಸ್ಪತ್ರೆಯವರನ್ನು ನೆನೆದು ಮೆಟ್ಟಿಲ ಬುಡಕ್ಕೆ ತಾನೇ ಹತ್ತುವ ದೀಪ ಹಾಕಿಸಿದೆ, ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿದೆ.

ಸಮಯವೂ ಮುಖ್ಯ. ಸರಕಾರಿ ವರ್ಗಾವಣೆ ಹೆಚ್ಚಾಗಿ ಮೇ, ಜೂನ್‌ನಲ್ಲಿ. ಮಕ್ಕಳ ಶಾಲೆಯೂ ಆಗಲೇ ಶುರು. ರಿಪೇರಿ ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಸಿದರೆ ಆ ಗಾಳಿ ನಿಮಗೆ ಸಿಗುತ್ತದೆ. ನವೆಂಬರ್‌ನಲ್ಲಿ ಮನೆ ಖಾಲಿಯಾದರೆ ಹುಡುಕುವವರೇ ಕಡಿಮೆ.

ಬಾಡಿಗೆ ಎಷ್ಟು ಹೇಳಬೇಕು?

ನಿಮ್ಮ ಸೆಕ್ಟರಿನಲ್ಲೇ ಐದು ಮನೆಯ ಬಾಡಿಗೆ ವಿಚಾರಿಸಿ. ಬೋರ್ಡಿನ ಮೇಲಿನ ಬಾಡಿಗೆ ಬೇಡ, ಈಗ ಇರುವವರು ನಿಜವಾಗಿ ಕೊಡುತ್ತಿರುವ ಬಾಡಿಗೆ ಕೇಳಿ. ಆಮೇಲೆ ಒಂದು ಲೆಕ್ಕ ಹಾಕಿ. 7,000 ರೂಪಾಯಿ ಬಾಡಿಗೆಯ ಮನೆ ಒಂದು ತಿಂಗಳು ಖಾಲಿ ಇದ್ದರೆ 7,000 ಹೋಯಿತು. ತಿಂಗಳಿಗೆ 500 ಕಡಿಮೆ ಮಾಡಿ ಒಳ್ಳೆಯವರಿಗೆ ಕೂಡಲೇ ಕೊಟ್ಟರೆ ವರ್ಷಕ್ಕೆ ಹೋಗುವುದು 6,000. ಹಾಗಾಗಿ ಸರಿಯಾದ ಕುಟುಂಬ ಸಿಕ್ಕಾಗ 500ಕ್ಕೆ ಹಟ ಮಾಡಬೇಡಿ.

ಆದರೆ ರಿಪೇರಿ ತಪ್ಪಿಸಲು ಬಾಡಿಗೆ ಇಳಿಸುವುದು ಬೇರೆ ಮಾತು. ನಾನು ಆ ತಪ್ಪು ಮಾಡಿದೆ. ಸೋರುವ ಮನೆಗೆ 1,500 ಇಳಿಸಿದೆ. ಬಂದವರು ಸೋರುವುದನ್ನು ಒಪ್ಪಿಕೊಂಡರು, ತಾವೂ ಮನೆಯನ್ನು ಹಾಗೆಯೇ ನೋಡಿಕೊಂಡರು. ಬಡತನಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ನಮ್ಮ ಮನೆಯಲ್ಲಿ ಬಾಡಿಗೆಯನ್ನು ಒಂದು ದಿನವೂ ತಡ ಮಾಡದವರು ತರಕಾರಿ ಗಾಡಿ ಇಟ್ಟುಕೊಂಡಿದ್ದ ಗಂಡ ಹೆಂಡತಿ.

ಬೋರ್ಡು, ಫೋಟೊ, ಫೋನು

ಫೋಟೊ ಬೆಳಗ್ಗೆ ಎಂಟರಿಂದ ಹತ್ತರೊಳಗೆ ತೆಗೆಯಿರಿ. ಕಿಟಕಿ ತೆರೆದಿರಲಿ, ಮೊಬೈಲ್ ಅಡ್ಡ ಹಿಡಿಯಿರಿ, ಕೋಣೆಯ ಮೂಲೆಯಲ್ಲಿ ನಿಂತು ಎದೆ ಎತ್ತರದಿಂದ ತೆಗೆಯಿರಿ. ಬಚ್ಚಲು ಮತ್ತು ಅಡುಗೆ ಕಟ್ಟೆಯ ಫೋಟೊ ಇರಲೇಬೇಕು. ಅವನ್ನು ಬಿಟ್ಟರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನ ಅಂದುಕೊಳ್ಳುತ್ತಾರೆ. ನಾನು ವಾಟ್ಸಾಪ್‌ನಲ್ಲಿ ಹಾಕಿದ ಬರಹ ಹೀಗಿತ್ತು:

"ನವನಗರ, ಮೊದಲ ಮಹಡಿ, ಎರಡು ಕೋಣೆ, ಹಾಲ್, ಅಡುಗೆಮನೆ. ಮಾಳಿಗೆಗೆ ಕೂಲ್ ರೂಫ್ ಪೇಂಟ್ ಆಗಿದೆ. ಬೇರೆ ಟ್ಯಾಂಕ್, ಬೇರೆ ಮೀಟರ್. ಕಿಟಕಿಗಳಿಗೆ ಸೊಳ್ಳೆ ಜಾಲರಿ. ಬೋರ್ ನೀರು ಗಡಸು, ಕುಡಿಯಲು ನಳದ ನೀರು. ಕಾರು ನಿಲ್ಲಿಸಲು ಜಾಗ ಇಲ್ಲ, ಎರಡು ಬೈಕಿಗೆ ಇದೆ. ಬಾಡಿಗೆ ರಸೀದಿ ಕೊಡುತ್ತೇವೆ."

ಕೊರತೆಯನ್ನೂ ಬರೆದದ್ದಕ್ಕೆ ತಮ್ಮ ಬೈದ. ಆದರೆ ಕಾರು ಇರುವವರು ಸುಮ್ನೆ ಬಂದು ಹೋಗುವುದು ನಿಂತಿತು. ಬಂದವರು ಗಟ್ಟಿಯಾಗಿ ವಿಚಾರ ಮಾಡಿಯೇ ಬಂದರು. ಕೊನೆಯ ಸಾಲು ಕೆಲಸ ಮಾಡಿದ್ದು ನನಗೇ ಆಶ್ಚರ್ಯ. ಸಂಬಳದವರು ಹಳೆ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯಲು ರಸೀದಿ ಕೊಡಬೇಕಾಗುತ್ತದೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರೂ ಬೇಕು. ಎಷ್ಟೋ ಮಾಲೀಕರು ಇದಕ್ಕೆ ಹೆದರಿ ಬೇಡ ಅನ್ನುತ್ತಾರೆ. ಹೆದರುವಂಥದ್ದು ಏನಿದೆ? ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆಯಬಹುದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಲೆಕ್ಕ ತೋರಿಸದೆಯೇ ಕಳೆಯಬಹುದು. ಮಿಕ್ಕದ್ದಷ್ಟೇ ಆದಾಯಕ್ಕೆ ಸೇರುತ್ತದೆ.

ಗೇಟಿಗೆ ಬೋರ್ಡು ಹಾಕಿ. ಅದರ ಜೊತೆ ಆಸ್ಪತ್ರೆ, ಕಾಲೇಜು, ಕಚೇರಿಯಲ್ಲಿ ಪರಿಚಯದವರಿಗೆ ಫೋಟೊ ಕಳಿಸಿ. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಚೀಟಿ ಅಂಟಿಸಿ.

ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದರೆ ಒಂದು ಮೋಸದ ಬಗ್ಗೆ ತಿಳಿದಿರಿ. "ನಾನು ಸೈನ್ಯದಲ್ಲಿದ್ದೇನೆ, ಮನೆ ನೋಡುವುದೇ ಬೇಡ, ಮುಂಗಡ ಈಗಲೇ ಕಳಿಸುತ್ತೇನೆ" ಎಂದು ಫೋನ್ ಬರುತ್ತದೆ. ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮ ದುಡ್ಡೇ ಹೋಗುತ್ತದೆ. ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಯಾರಿಗೆ ಕೊಡಬೇಕು?

ಮನೆ ತೋರಿಸುವಾಗಲೇ ಮಾತಿಗೆ ಎಳೆಯಿರಿ. ಈಗ ಎಲ್ಲಿದ್ದೀರಿ, ಯಾಕೆ ಬಿಡುತ್ತಿದ್ದೀರಿ, ಎಷ್ಟು ಮಂದಿ ಇರುತ್ತೀರಿ, ಕೆಲಸದ ಹೊತ್ತು ಯಾವುದು, ಎಷ್ಟು ವರ್ಷ ಇರುವ ಯೋಚನೆ. ಎಲ್ಲರಿಗೂ ಇವೇ ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಹಿಂದಿನ ಮಾಲೀಕರ ಬಗ್ಗೆ ಬರೀ ಕೆಟ್ಟದ್ದೇ ಹೇಳುವವರು, "ಇವತ್ತೇ ಕೀಲಿಕೈ ಕೊಡ್ರಿ" ಎಂದು ಅವಸರ ಮಾಡುವವರು, ಆರು ತಿಂಗಳಿಗೊಂದು ಮನೆ ಬದಲಿಸಿದವರು ಬಂದಾಗ ಎರಡು ದಿನ ಸಮಯ ತಗೊಳ್ಳಿ.

ಹಿಂದಿನ ಮಾಲೀಕರಿಗೆ ಫೋನ್ ಮಾಡಲೇಬೇಕು. ಈಗಿನ ಮಾಲೀಕರ ಜೊತೆಗೆ ಅದಕ್ಕಿಂತ ಹಿಂದಿನ ಮಾಲೀಕರನ್ನೂ ಕೇಳಿ. ಈಗಿನವರಿಗೆ ಇವರು ಬೇಗ ಹೋಗಲಿ ಎಂದಿದ್ದರೆ ಹೊಗಳಿಯೇ ಕಳಿಸುತ್ತಾರೆ, ಅಲ್ವಾ? ಕೇಳಬೇಕಾದ ಪ್ರಶ್ನೆ ಒಂದೇ: "ಮತ್ತೆ ಅವರೇ ಬಂದರೆ ಕೊಡುತ್ತೀರಾ?" ಉತ್ತರಕ್ಕಿಂತ ಮುಂಚೆ ಬರುವ ಮೌನವನ್ನೂ ಗಮನಿಸಿ.

ಈಗ ನಾನು ನೇರವಾಗಿ ಹೇಳಬೇಕಾದ ಮಾತು. ನಮ್ಮ ಕಡೆ ಮನೆ ಕೇಳಲು ಬಂದವರಿಗೆ ಹೆಸರಿಗಿಂತ ಮೊದಲು "ಯಾವ ಮಂದಿರೀ ನೀವು?" ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳುತ್ತಿದ್ದರು. ಆ ಪ್ರಶ್ನೆ ಬಂದವರ ಮನಸ್ಸನ್ನು ನೋಯಿಸುತ್ತದೆ. ಮನೆಗೂ ಅದರಿಂದ ಉಪಕಾರವಿಲ್ಲ. ಬಾಕಿ ಇಟ್ಟು ರಾತ್ರಿ ಹೋದವರು, ನಮ್ಮವರೇ ಎಂದು ನಾವು ಮನೆ ಕೊಟ್ಟವರು. ಹಳೆ ಬಾಗಲಕೋಟೆಯ ಓಣಿ ಮುಳುಗಿದಾಗ ಎಲ್ಲಾ ಜಾತಿಯವರೂ ಪಾತ್ರೆ ಪಗಡ ಕಟ್ಟಿಕೊಂಡು ಇಲ್ಲಿಗೆ ಬಂದೆವು. ಮನೆ ಇಲ್ಲದೆ ನಿಲ್ಲುವುದು ಏನೆಂದು ಗೊತ್ತಿರುವ ಊರು ಇದು. ಬಾಡಿಗೆ ಕೊಡುವ ಶಕ್ತಿ, ಹಿಂದಿನ ನಡತೆ, ಮನೆಗೆ ತಕ್ಕಷ್ಟು ಮಂದಿ, ಈ ಮೂರನ್ನು ನೋಡಿ. ಒಬ್ಬರೇ ಇರುವ ಹೆಣ್ಣುಮಕ್ಕಳನ್ನು, ಮದುವೆಯಾಗದ ಹುಡುಗರನ್ನು ಬಾಗಿಲಲ್ಲೇ ಕಳಿಸಬೇಡಿ.

ಒಪ್ಪಿಗೆಯಾದ ಮೇಲೆ ಗುರುತಿನ ಚೀಟಿ, ಕೆಲಸದ ಐಡಿ, ಫೋಟೊ ತೆಗೆದುಕೊಳ್ಳಿ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಬಾಡಿಗೆದಾರರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಡಿ. ಇದನ್ನು ಮೊದಲೇ ಹೇಳಿದರೆ ಒಳ್ಳೆಯವರು ಬೇಸರ ಮಾಡುವುದಿಲ್ಲ.

ಕರಾರು ಪತ್ರ

ಬಾಯಿ ಮಾತಿನ ಮೇಲೆ ಮನೆ ಕೊಡಬೇಡಿ, ನೆಂಟರಿಗೂ. 11 ತಿಂಗಳ ಕರಾರು ಯಾಕೆ ರೂಢಿ ಎಂದರೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಜಗಳ ಹುಟ್ಟುವ ಜಾಗಗಳನ್ನು ಬಿಡಿಸಿ ಬರೆಯಿರಿ. ಬಾಡಿಗೆ ಯಾವ ತಾರೀಖಿನೊಳಗೆ, ಮುಂಗಡ ಎಷ್ಟು, ಮೋಟಾರ್ ಕರೆಂಟ್ ಯಾರ ಪಾಲು, ಸಣ್ಣ ರಿಪೇರಿ ಎಷ್ಟು ರೂಪಾಯಿ ತನಕ ಅವರದು, ಬಿಡುವ ಮುಂಚೆ ಎಷ್ಟು ದಿನ ಹೇಳಬೇಕು, ವರ್ಷಕ್ಕೆ ಎಷ್ಟು ಏರಿಕೆ. ಬಣ್ಣದ ದುಡ್ಡು ಮುಂಗಡದಲ್ಲಿ ಮುರಿಯುತ್ತೀರಾದರೆ ಎಷ್ಟು ಎಂದು ಈಗಲೇ ಬರೆಯಿರಿ. ಹೋಗುವ ದಿನದ ಅರ್ಧ ಜಗಳ ಬಣ್ಣದ್ದೇ.

ಮುಂಗಡ ಜಾಸ್ತಿ ಕೇಳಿದಷ್ಟೂ ಒಳ್ಳೆಯವರು ದೂರ ಹೋಗುತ್ತಾರೆ. ಕೇಂದ್ರ ಸರಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಮುಂಗಡ ಬೇಡ ಎಂದಿದೆ. ಅದು ಮಾದರಿ ಅಷ್ಟೇ. ಆದರೂ ನಾನು ಎರಡು ತಿಂಗಳದ್ದೇ ತೆಗೆದುಕೊಳ್ಳುತ್ತೇನೆ.

ಕೀಲಿಕೈ ಕೊಡುವ ದಿನ ಇಬ್ಬರೂ ಸೇರಿ ಪ್ರತಿ ಕೋಣೆಯ ವಿಡಿಯೊ ಮಾಡಿ, ಮೀಟರ್ ರೀಡಿಂಗ್‌ನ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಗೃಹಜ್ಯೋತಿಯನ್ನು ಮರೆಯಬೇಡಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗಿನ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರಿಗೆ (ಸಂಪರ್ಕದ ಸಂಖ್ಯೆಗೆ) ಹಳೆ ಬಾಡಿಗೆದಾರರ ಆಧಾರ್ ಅಂಟಿಕೊಂಡಿದ್ದರೆ ಹೊಸಬರಿಗೆ ಸಿಗುವುದಿಲ್ಲ. ಹೋಗುವವರ ಜೋಡಣೆ ತೆಗೆಸಿಯೇ ಕಳಿಸಿ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಬೇರೆ ಮಾಡಿಸುವ ಖರ್ಚು ದಂಡವಲ್ಲ.

ಈಗಾಗಲೇ ಕಷ್ಟ ಕೊಡುವವರು ಇದ್ದರೆ

ಕರೆಂಟ್ ತೆಗೆಸುವುದು, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಬೇಡವೇ ಬೇಡ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ ಅವರೇ ನಿಮ್ಮ ಮೇಲೆ ಕೋರ್ಟಿಗೆ ಹೋಗಬಹುದು. ಮೊದಲು ಕೂತು ಮಾತಾಡಿ. ಬಾಕಿಯನ್ನು ಕಂತು ಮಾಡಿ ಬರೆಸಿಕೊಳ್ಳಿ. ಆಗದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ. ತಿಂಗಳ ಲೆಕ್ಕದ ಬಾಡಿಗೆಗೆ, ಬೇರೆ ಕರಾರು ಇಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನದ ನೋಟಿಸ್ ಬೇಕು. ಅದಕ್ಕೂ ಬಿಡದಿದ್ದರೆ ಕೋರ್ಟು. ಕೆಲವು ಸಲ ಒಂದು ತಿಂಗಳ ಬಾಕಿ ಬಿಟ್ಟುಕೊಟ್ಟು "ಈ ತಾರೀಖಿಗೆ ಖಾಲಿ ಮಾಡಿ" ಎಂದು ಒಪ್ಪಿಸುವುದು ಎರಡೂ ಕಡೆಗೆ ಹಗುರ.

ಬಂದವರು ಉಳಿಯಬೇಕಾದರೆ

ನಳ ಸೋರುತ್ತಿದೆ ಎಂದು ಫೋನ್ ಬಂದರೆ ಎರಡು ದಿನದೊಳಗೆ ಪ್ಲಂಬರ್ ಕಳಿಸಿ. ಆಗದಿದ್ದರೆ ಯಾವತ್ತು ಆಗುತ್ತದೆ ಎಂದು ಹೇಳಿ. ಹೇಳದೆ ಮನೆಯೊಳಗೆ ಹೋಗಬೇಡಿ. ಮಾದರಿ ಕಾಯ್ದೆ 24 ಗಂಟೆ ಮುಂಚೆ ತಿಳಿಸಬೇಕು ಎನ್ನುತ್ತದೆ. ಕೆಳಗೇ ಇರುವ ನಮ್ಮಂಥವರಿಗೆ ಇದು ಕಷ್ಟ, ಆದರೂ ಅಭ್ಯಾಸ ಮಾಡಿಕೊಳ್ಳಬೇಕು. ಅವರ ಮನೆಗೆ ಯಾರು ಬಂದರು, ಏನು ಅಡುಗೆ ಮಾಡಿದರು ಎಂದು ಕೇಳುವುದನ್ನು ಬಿಡಿ. ಬಾಡಿಗೆ ಏರಿಸುವುದಿದ್ದರೆ ಎರಡು ತಿಂಗಳು ಮುಂಚೆ ಹೇಳಿ. ನಾನು ವರ್ಷಕ್ಕೆ ಶೇ 5 ಏರಿಸುತ್ತೇನೆ. ಸರಿಯಾಗಿ ಇರುವವರಿಗೆ ಒಮ್ಮೊಮ್ಮೆ ಅದನ್ನೂ ಬಿಟ್ಟಿದ್ದೇನೆ. ಅವರು ಹೋದರೆ ಬಣ್ಣ, ಖಾಲಿ ತಿಂಗಳು, ಮತ್ತೆ ಹುಡುಕಾಟ, ಎಲ್ಲಾ ಸೇರಿ ಏರಿಕೆಗಿಂತ ಜಾಸ್ತಿಯೇ ಆಗುತ್ತದೆ.

ಮುಂಗಡವನ್ನು ಮಾತ್ರ ಅವರು ಕೀಲಿಕೈ ವಾಪಸ್ ಕೊಟ್ಟ ದಿನವೇ ಕೊಟ್ಟುಬಿಡಿ. ಅದರಲ್ಲಿ ಮುರಿದುಕೊಂಡ ದುಡ್ಡಿಗೆ ಬಿಲ್ ತೋರಿಸಿ. ಕಳೆದ ಸಲ ಮೇಲಿನ ಮನೆಯವರಿಗೆ ವರ್ಗಾವಣೆಯಾದಾಗ ಲಾರಿಗೆ ಸಾಮಾನು ಹೇರುವ ಮುಂಚೆಯೇ ಪೂರ್ತಿ ದುಡ್ಡು ಅವರ ಖಾತೆಗೆ ಹಾಕಿದೆ. ಅವರ ಜಾಗಕ್ಕೆ ಬರುತ್ತಿದ್ದ ಸಹೋದ್ಯೋಗಿ ಅಲ್ಲೇ ನಿಂತಿದ್ದರು. ಟ್ಯಾಂಕಿನ ವಾಲ್ವ್ ಎಲ್ಲಿದೆ, ಮಧ್ಯಾಹ್ನ ಯಾವ ಕಿಟಕಿ ಮುಚ್ಚಿದರೆ ಕೋಣೆ ತಂಪಿರುತ್ತದೆ ಎಂದು ಹೋಗುವವರೇ ಅವರಿಗೆ ತೋರಿಸುತ್ತಿದ್ದರು.